ಏಳನೇ ಪ್ಯಾರಾ

— ಓದಿದೆ. ಎರಡು ಸಲ ಓದಿದೆ. ಇದರಲ್ಲಿ ಒಂದೂ ಸುಳ್ಳಿಲ್ಲ.

— ಹಾಗಾದರೆ ಈ ಕೆಂಪು ಗೆರೆಗಳೆಲ್ಲ ಯಾಕೆ ಮೇಡಂ?

— ಸುಳ್ಳಿದ್ದರೆ ನನ್ನ ಕೆಲಸ ಸುಲಭವಿತ್ತು. ಹೊಡೆದುಹಾಕುತ್ತಿದ್ದೆ. ಮೂವತ್ತೆರಡು ವರ್ಷ ಡೆಸ್ಕಿನಲ್ಲಿ ಕೂತು ಮಾಡಿದ್ದು ಅದನ್ನೇ. ನಿನ್ನ ಲೇಖನದಲ್ಲಿ ಎಲ್ಲವೂ ನಿಜ. 2008ರಲ್ಲಿ ಬುಕಾರೆಸ್ಟ್‌ನಲ್ಲಿ ನ್ಯಾಟೊ ಕೂಟ ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ತನ್ನ ಸದಸ್ಯರಾಗುತ್ತವೆ ಎಂದು ಸಾರಿದ್ದು ನಿಜ. 2014ರ ಮೇ 2ರಂದು ಒಡೆಸ್ಸಾದ ಕಾರ್ಮಿಕ ಸಂಘಗಳ ಭವನಕ್ಕೆ ಬೆಂಕಿ ಬಿದ್ದು, ಒಳಗಿದ್ದ ರಷ್ಯಾ ಪರ ಜನ ಸತ್ತದ್ದು ನಿಜ. 1971ರ ಯುದ್ಧದ ಹೊತ್ತಿಗೆ ಭದ್ರತಾ ಮಂಡಳಿಯಲ್ಲಿ ನಮ್ಮ ಪರವಾಗಿ ವೀಟೊ ಬಿದ್ದದ್ದೂ ನಿಜ. ಆದರೆ 1994ರ ಬುಡಾಪೆಸ್ಟ್ ಎಲ್ಲಿ ಮಾರಾಯ? ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಾಗ, ಅದರ ಗಡಿಗಳನ್ನು ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಸಹಿ ಹಾಕಿದ್ದವಲ್ಲ?

— ಜಾಗ ಇರಲಿಲ್ಲ. 800 ಪದಗಳಲ್ಲಿ ಮುಗಿಸಿ ಅಂದಿದ್ದರು.

— ಜಾಗ ಯಾವತ್ತೂ ಇರುವುದಿಲ್ಲ. ಜಾಗ ಇಲ್ಲದಾಗ ಏನನ್ನು ಬಿಟ್ಟೆ ಅನ್ನುವುದನ್ನೇ ನಾನು ನೋಡುವುದು. ಹೋಗಲಿ, ಅದು ದೊಡ್ಡ ಮಾತು. ಚಿಕ್ಕದನ್ನು ನೋಡೋಣ. ಮೂರನೇ ಪ್ಯಾರಾದಲ್ಲಿ ಒಡೆಸ್ಸಾ ಇದೆ. ಅಲ್ಲಿ ಏನು ಬರೆದಿದ್ದೀಯ, ಓದು.

— "ನಲವತ್ತಕ್ಕೂ ಹೆಚ್ಚು ಜನರನ್ನು ಜೀವಂತ ಸುಟ್ಟರು."

— ಈಗ ಏಳನೆಯದು ಓದು.

— "ಬುಚಾ ಪಟ್ಟಣದಲ್ಲಿ ನಾಗರಿಕರು ಮೃತಪಟ್ಟಿದ್ದಾರೆ ಎನ್ನಲಾಗಿದೆ."

— ಕೇಳಿಸಿತಾ?

— ...ಕೇಳಿಸಿತು.

— ರಷ್ಯಾ ಪಡೆಗಳು 2022ರ ಮಾರ್ಚ್ ಕೊನೆಗೆ ಬುಚಾ ಬಿಟ್ಟು ಹೋದಾಗ ಬೀದಿಯಲ್ಲಿ ಶವಗಳು ಬಿದ್ದಿದ್ದವು. ಕೆಲವರ ಕೈಗಳನ್ನು ಹಿಂದಕ್ಕೆ ಕಟ್ಟಲಾಗಿತ್ತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯವರು ಅಲ್ಲಿ ಹೋಗಿ, ಸಾವುಗಳನ್ನು ಪರಿಶೀಲಿಸಿ, ಕಾನೂನುಬಾಹಿರ ಕೊಲೆಗಳೆಂದು ದಾಖಲಿಸಿದರು. ನಿನ್ನ ವಾಕ್ಯದಲ್ಲಿ ಅವರು ತಾವಾಗಿಯೇ "ಮೃತಪಟ್ಟಿದ್ದಾರೆ", ಅದೂ "ಎನ್ನಲಾಗಿದೆ". ಒಡೆಸ್ಸಾದ ಸಾವಿಗೆ ಕೊಂದವರಿದ್ದಾರೆ, ಬೆಂಕಿಯ ಉರಿ ಇದೆ. ಬುಚಾದ ಸಾವಿಗೆ ಕೊಂದವರೂ ಇಲ್ಲ, ಸಾವು ಖಚಿತವೂ ಅಲ್ಲ. ನಮ್ಮ ಭಾಷೆಯಲ್ಲಿ ಸಾವಿಗೆ ಎಷ್ಟು ಕ್ರಿಯಾಪದಗಳಿವೆ ಅಂತ ಡೆಸ್ಕಿನಲ್ಲಿ ಕೂತವರಿಗೆ ಗೊತ್ತು. ಹುತಾತ್ಮರಾದರು, ಬಲಿಯಾದರು, ಹತರಾದರು, ಅಸುನೀಗಿದರು, ಮೃತಪಟ್ಟರು, ಸತ್ತರು. ಟಿವಿಯವರು ಇದಕ್ಕೆ "ಉಡೀಸ್", "ಮಟಾಷ್" ಸೇರಿಸಿದ್ದಾರೆ. ಮನುಷ್ಯರ ಸಾವಿಗೆ ಆ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಹಿಂಡಿದಂತಾಗುತ್ತದೆ. ಯಾವ ಸಾವಿಗೆ ಯಾವ ಪದ ಹಾಕಿದೆ ಅಂತ ಪಟ್ಟಿ ಮಾಡಿದರೆ ಸಾಕು, ಬರೆದವನು ಯಾವ ಕಡೆ ಅಂತ ತಿಳಿಯುತ್ತದೆ. ನಿನ್ನ ಕಳೆದ ಹನ್ನೊಂದು ಅಂಕಣಗಳಿಗೆ ಆ ಪಟ್ಟಿ ಮಾಡಿದ್ದೇನೆ.

— ಹನ್ನೊಂದಕ್ಕೂ?

— ಕೆಲಸ ಬಿಟ್ಟವಳಿಗೆ ಹೊತ್ತು ಬೇಕಾದಷ್ಟಿದೆ. "ಎನ್ನಲಾಗಿದೆ" 14 ಸಲ ಬಂದಿದೆ. ಅದರಲ್ಲಿ 13 ಸಲ ಒಂದೇ ಕಡೆಯವರ ಸಾವಿನ ಮೇಲೆ ಬಂದು ಕೂತಿದೆ. ನೀನು ಬೇಕೆಂದೇ ಹಾಗೆ ಮಾಡಿದೆ ಅಂತ ನಾನು ಹೇಳುವುದಿಲ್ಲ. ಬೇಕೆಂದು ಮಾಡಿದ್ದರೆ ಎರಡು ಕಡೆಗೂ ಸ್ವಲ್ಪ ಹಂಚಿ ಮರೆಮಾಚುತ್ತಿದ್ದೆ.

— ಎಣಿಸುವುದರಿಂದ ಸತ್ಯ ಸಿಗುತ್ತದಾ ಮೇಡಂ?

— ಪೂರ್ತಿ ಸಿಗುವುದಿಲ್ಲ. ಆದರೆ ಮುಖಕ್ಕೆ ಹಿಡಿದ ಕನ್ನಡಿಯಾಗುತ್ತದೆ. ಈ ಎಣಿಸುವ ಕೆಲಸ ನನ್ನ ಕಲ್ಪನೆಯಲ್ಲ. 1920ರಲ್ಲಿ ಅಮೆರಿಕದಲ್ಲಿ ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ಅನ್ನುವ ಇಬ್ಬರು ಇದನ್ನು ಮಾಡಿದ್ದರು. ಒಬ್ಬನಿಗೆ 30, ಇನ್ನೊಬ್ಬನಿಗೆ 27, ಹೆಚ್ಚುಕಡಿಮೆ ನಿನ್ನ ವಯಸ್ಸೇ. ರಷ್ಯಾ ಕ್ರಾಂತಿಯ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಮೂರು ವರ್ಷ ಬರೆದದ್ದನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತರು. ಬೋಲ್ಶೆವಿಕರ ಸರ್ಕಾರ ಬಿದ್ದೇಹೋಯಿತು, ಇನ್ನೇನು ಬೀಳಲಿದೆ ಎಂಬ ಧಾಟಿಯ ವರದಿ 91 ಸಲ ಬಂದಿತ್ತು. ಅದು ಬೀಳಲೇ ಇಲ್ಲ. ದುಡ್ಡು ತೆಗೆದುಕೊಂಡು ಸುಳ್ಳು ಬರೆದರು ಅಂತ ಆ ಇಬ್ಬರೂ ಆರೋಪಿಸಲಿಲ್ಲ. ಬರೆದವರು, ಅಚ್ಚು ಹಾಕಿದವರು ಮನಸ್ಸಿನಲ್ಲಿ ಏನು ಹಾರೈಸಿದ್ದರೋ ಅದೇ ಕಣ್ಣಿಗೂ ಕಂಡಿತು ಅಂತ ತೋರಿಸಿದರು. ಆಗಿನ ಹಾರೈಕೆ ರಷ್ಯಾದ ವಿರುದ್ಧ, ನಿನ್ನದು ರಷ್ಯಾದ ಪರ. ಕಣ್ಣು ಮಾಡುವ ಕೆಲಸ ಮಾತ್ರ ಎರಡರಲ್ಲೂ ಒಂದೇ.

— ನಾನು ಒಪ್ಪುವುದಿಲ್ಲ. ಕ್ಷಮಿಸಿ, ಮನಸ್ಸಿನಲ್ಲಿದ್ದುದನ್ನು ಹೇಳುತ್ತೇನೆ. ನಾನು ಬರೆಯುವುದು ಅಂಕಣ, ವರದಿ ಅಲ್ಲ. ಅಂಕಣ ಅಂದಮೇಲೆ ಒಂದು ನಿಲುವು ಇರಲೇಬೇಕು. ಇನ್ನೊಂದು ಮಾತು. ನೀವು ಡೆಸ್ಕಿನಲ್ಲಿದ್ದಾಗ ವಿದೇಶ ಪುಟಕ್ಕೆ ಬರುತ್ತಿದ್ದದ್ದು ಏನು? ರಾಯಿಟರ್ಸ್, ಎಎಫ್‌ಪಿ, ಎಪಿ. ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ನಲ್ಲಿ ಕೂತವರು ಬರೆದದ್ದನ್ನು ಕನ್ನಡಕ್ಕೆ ತಿರುಗಿಸಿ ನಿಷ್ಪಕ್ಷಪಾತ ಅಂದುಕೊಂಡಿರಿ. 1991ರ, 2003ರ ಇರಾಕ್ ಯುದ್ಧದ ಹಳೆಯ ಸಂಚಿಕೆಗಳನ್ನು ನಾನು ನೋಡಿದ್ದೇನೆ. ಅಮೆರಿಕ ಮತ್ತು ಅದರ ಜೊತೆಗಾರರ ಸೇನೆಗೆ ಕನ್ನಡ ಪತ್ರಿಕೆಗಳು ಕೊಟ್ಟ ಹೆಸರು "ಮಿತ್ರಪಡೆ". ಯಾರ ಮಿತ್ರರು ಮೇಡಂ? ಹಾವೇರಿ, ರಾಯಚೂರಿನಲ್ಲಿ ಪೇಪರ್ ಓದುವವನಿಗೆ ಅವರು ಯಾವ ಲೆಕ್ಕದಲ್ಲಿ ಮಿತ್ರರು?

— ಈ ಮಾತು ನನಗೆ ಸರಿಯಾಗಿ ತಾಕಿತು. ಆ ಪದವನ್ನು ನಾನೂ ನೂರಾರು ಸಲ ಬರೆದಿದ್ದೇನೆ. ಎರಡನೇ ಮಹಾಯುದ್ಧದ ಕಾಲದಿಂದ ಬಂದ ಪದ. ಇಂಗ್ಲಿಷಿನಲ್ಲಿ ಇತ್ತು, ತಿರುಗಿಸಿದೆವು. ಯಾರ ಬಾಯಿಂದ ಬಂದದ್ದು ಅಂತ ನಿಂತು ಕೇಳಲಿಲ್ಲ. ನೀನು ಕೇಳಿದೆ, ಒಳ್ಳೆಯದಾಯಿತು.

— ಹಾಗಿದ್ದರೆ ನನ್ನ ವಾಲುವಿಕೆ ಆ ವಾಲುವಿಕೆಗೆ ಉತ್ತರ ಅಂತ ಯಾಕೆ ತಿಳಿಯಬಾರದು? ತಕ್ಕಡಿ ಒಂದು ಕಡೆ ಇಳಿದಿದೆ, ನಾನು ಇನ್ನೊಂದು ಕಡೆ ಕಲ್ಲು ಇಡುತ್ತಿದ್ದೇನೆ.

— ಇದನ್ನು ನಿನಗಿಂತ ಮೊದಲು, ನಿನಗಿಂತ ದೊಡ್ಡವರು ಮಾಡಿ ನೋಡಿದ್ದಾರೆ. ಎಪ್ಪತ್ತರ ದಶಕದಲ್ಲಿ ಅಲಿಪ್ತ ದೇಶಗಳೆಲ್ಲ ಸೇರಿ, ಪಾಶ್ಚಾತ್ಯ ಏಜೆನ್ಸಿಗಳ ಹಂಗು ಬೇಡ, ನಮ್ಮದೇ ಸುದ್ದಿ ಕೂಟ ಇರಲಿ ಅಂದವು. ನ್ಯಾಯವಾದ ಬೇಡಿಕೆಯೇ. ಇದಕ್ಕಾಗಿ ಮಂತ್ರಿಗಳ ಸಮ್ಮೇಳನ ನಡೆದದ್ದು ದೆಹಲಿಯಲ್ಲಿ, 1976ರ ಜುಲೈನಲ್ಲಿ. ಆ ಇಸವಿಯನ್ನು ಇನ್ನೊಂದು ಸಲ ಹೇಳಿಕೊಂಡು ನೋಡು.

— ತುರ್ತು ಪರಿಸ್ಥಿತಿ.

— ಹೌದು. ಅದೇ ವರ್ಷ ಫೆಬ್ರುವರಿಯಲ್ಲಿ ಪಿಟಿಐ, ಯುಎನ್‌ಐ, ಹಿಂದೂಸ್ತಾನ್ ಸಮಾಚಾರ್, ಸಮಾಚಾರ್ ಭಾರತಿ, ನಾಲ್ಕನ್ನೂ ಒತ್ತಿ "ಸಮಾಚಾರ್" ಅಂತ ಒಂದೇ ಮಾಡಿದ್ದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಹೊರಗಿನ ಏಜೆನ್ಸಿಗಳ ಪಕ್ಷಪಾತದ ವಿರುದ್ಧ ವೇದಿಕೆ ಹತ್ತಿದ ಸರ್ಕಾರವೇ ಮನೆಯೊಳಗೆ ವರದಿಗಾರರ ಬಾಯಿಗೆ ಬಟ್ಟೆ ತುರುಕಿತ್ತು. ಲಂಡನ್ನಿನ ಪಕ್ಷಪಾತದ ಬಗೆಗಿನ ದೂರು ನಿಜವೇ. ಆ ನಿಜವನ್ನು ಹಿಡಿದುಕೊಂಡೇ ಅವರು ಇದನ್ನೆಲ್ಲ ಮಾಡಿದರು. ನೀನು ಕಲ್ಲು ಇಡುತ್ತೀಯಲ್ಲ, ಓದುವವನಿಗೆ ಅದು ಕಲ್ಲು ಅಂತ ಹೇಳಿ ಇಡುತ್ತೀಯಾ? ಅಕ್ಕಿ ಅಂತ ಹೇಳಿ ಕೊಡುತ್ತಿದ್ದೀಯ.

— ಕಠಿಣವಾದ ಮಾತು.

— ಹೇಳುವ ಹಕ್ಕು ನನಗಿದೆಯಾ ಅಂತ ನಾನೂ ಯೋಚಿಸಿದೆ. ಯಾರಿಗೂ ಹೇಳದ ಒಂದು ಸಂಗತಿ ನಿನಗೆ ಹೇಳುತ್ತೇನೆ.

1990ನೇ ಇಸವಿ. ನನಗೆ 24. ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಟ್ರೇನಿ ಸಬ್. ಆಗಸ್ಟ್ 2ರಂದು ಸದ್ದಾಂನ ಸೇನೆ ಕುವೈತಿಗೆ ನುಗ್ಗಿತು. ನಮ್ಮದು ಉಡುಪಿ ಕಡೆ, ನಿನಗೆ ಗೊತ್ತಲ್ಲ, ಅಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಓಣಿ ಇಲ್ಲ. ನಮ್ಮ ಪಕ್ಕದ ಮನೆಯವರು ಹದಿನಾಲ್ಕು ವರ್ಷ ಕುವೈತಿನಲ್ಲಿ ದುಡಿದವರು. ಇರಾಕ್ ದಾಟಿ, ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆಯಲ್ಲಿದ್ದು, ಕೊನೆಗೆ ಅಮ್ಮಾನ್‌ನಿಂದ ವಿಮಾನ ಹತ್ತಿ ಬಂದರು. ಆ ಹೊತ್ತಿನಲ್ಲಿ ಸುಮಾರು 1,70,000 ಭಾರತೀಯರನ್ನು ಹಾಗೆ ಕರೆತಂದರು. ನಮ್ಮ ನೆರೆಯವರ ಕೈಯಲ್ಲಿದ್ದದ್ದು ಒಂದು ಸೂಟ್‌ಕೇಸ್. ಆ ಮನೆಯ ಅಕ್ಕ ನನ್ನ ಅಮ್ಮನ ಹೆಗಲ ಮೇಲೆ ತಲೆಯಿಟ್ಟು ಅತ್ತದ್ದನ್ನು ನಾನು ಕಣ್ಣಾರೆ ನೋಡಿ ಬಂದಿದ್ದೆ. ನನ್ನೊಳಗೆ ಪಕ್ಷ ಹುಟ್ಟಿದ್ದು ಹೀಗೆ. ಸಿದ್ಧಾಂತದಿಂದಲ್ಲ, ಆ ಅಳುವಿನಿಂದ.

ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಟೆಲಿಪ್ರಿಂಟರಿನಲ್ಲಿ ಕಾಪಿ ಬಂತು. ವಾಷಿಂಗ್ಟನ್‌ನಲ್ಲಿ ಅಮೆರಿಕ ಸಂಸದರ ಮಾನವ ಹಕ್ಕುಗಳ ಕೂಟದ ಮುಂದೆ 15 ವರ್ಷದ ಕುವೈತಿ ಹುಡುಗಿಯೊಬ್ಬಳು ಸಾಕ್ಷಿ ಹೇಳಿದ್ದಳು. ತಾನು ಆಸ್ಪತ್ರೆಯಲ್ಲಿ ಸೇವೆಗೆ ಹೋಗಿದ್ದಾಗ ಇರಾಕಿ ಸೈನಿಕರು ಇನ್‌ಕ್ಯುಬೇಟರ್‌ಗಳಿಂದ ಹಸುಳೆಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಅಂತ. ಹೆಸರು ನಯೀರಾ ಅಂತ ಮಾತ್ರ ಹೇಳಿದ್ದಳು. ಕಾಪಿಯಲ್ಲಿ "ಎಂದು ಹುಡುಗಿ ಹೇಳಿದಳು" ಅಂತ ಸ್ಪಷ್ಟವಾಗಿ ಇತ್ತು. ನಾನು ಅದನ್ನು ತೆಗೆದೆ. ನನ್ನ ಹೆಡ್ಡಿಂಗ್‌ನಲ್ಲಿ ಸೈನಿಕರು ಹಸುಳೆಗಳನ್ನು ಕೊಂದೇಬಿಟ್ಟಿದ್ದರು. ಚೀಫ್ ಸಬ್ ನೋಡಿ ಭೇಷ್ ಅಂದರು.

— ಅದು ಸುಳ್ಳಾಗಿತ್ತು ಅಂತ ಓದಿದ್ದೇನೆ.

— ನಿಜ ಹೊರಗೆ ಬರಲು 1992ರ ಜನವರಿ ಆಯಿತು. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಆ ಸಾಕ್ಷ್ಯದ ಹಿಂದೆ ಹಣ ಪಡೆದ ಪ್ರಚಾರ ಸಂಸ್ಥೆ ಇತ್ತು. ಅವಳು ಹೇಳಿದ ಘಟನೆಗೆ ಆಧಾರ ಸಿಗಲಿಲ್ಲ. ಆ ಕಾಪಿಯೂ ನಮ್ಮ ಡೆಸ್ಕಿಗೆ ಬಂತು. ಅದೂ ನನ್ನ ಕೈಗೇ ಬಂತು. ನಾನು ಓದಿ ಸ್ಪೈಕ್ ಮಾಡಿದೆ.

— ಹಾಕಲೇ ಇಲ್ಲವಾ?

— ಹಾಕಲಿಲ್ಲ. ಹಳೆಯ ಸುದ್ದಿ, ಜಾಗ ಇಲ್ಲ ಅಂದುಕೊಂಡೆ. ನೀನು ಈಗ ಹೇಳಿದೆಯಲ್ಲ, ಅದೇ ಮಾತು. ಯಾರೂ ಹಾಕಬೇಡ ಅಂದಿರಲಿಲ್ಲ. ಯಾವ ಮಾಲೀಕನೂ, ಯಾವ ಪಕ್ಷವೂ ಫೋನ್ ಮಾಡಿರಲಿಲ್ಲ. ಆ ಪಕ್ಕದ ಮನೆಯ ಅಕ್ಕ ಕಣ್ಣ ಮುಂದೆ ಬಂದರು. ಇದನ್ನು ಹಾಕಿದರೆ ಅವರ ದುಃಖವೂ ಸುಳ್ಳು ಅಂದಂತಾಗುತ್ತದೆ ಅನ್ನಿಸಿತು. ಎಂಥ ತಪ್ಪು ಲೆಕ್ಕ! ಸದ್ದಾಂನ ಸೇನೆ ಕುವೈತಿನಲ್ಲಿ ಮಾಡಿದ ನಿಜವಾದ ಅನ್ಯಾಯಕ್ಕೆ ಆ ಸುಳ್ಳಿನ ಊರುಗೋಲು ಬೇಕೇ ಇರಲಿಲ್ಲ. ಸುಳ್ಳನ್ನು ಪಕ್ಕದಲ್ಲಿ ನಿಲ್ಲಿಸಿ ನಾನೇ ನಿಜದ ಮರ್ಯಾದೆ ಕಳೆದೆ.

— ಅದಾದಮೇಲೆ?

— ಆದದ್ದೇನೂ ಇಲ್ಲ. ಯಾರೂ ಕೇಳಲಿಲ್ಲ. ವಿದೇಶದ ಸುದ್ದಿಯ ಗುಣವೇ ಅದು. ನಿನ್ನ ಊರಿನ ಗ್ರಾಮ ಪಂಚಾಯಿತಿ ಬಗ್ಗೆ ತಪ್ಪು ಬರೆದರೆ ಬೆಳಗ್ಗೆ ಏಳಕ್ಕೆ ಬಾಗಿಲು ತಟ್ಟುತ್ತಾರೆ. ಬುಚಾದವರು ಬಂದು ತಟ್ಟುವುದಿಲ್ಲ. ಕೇಳುವವರಿಲ್ಲದ ಕಡೆ ನಾವು ಬಹಳ ಧೈರ್ಯವಂತರು.

— ಅಂದರೆ ಪಕ್ಷ ಇಟ್ಟುಕೊಂಡವನು ಬರೆಯಲೇಬಾರದಾ? ಪಕ್ಷವಿಲ್ಲದ ಮನುಷ್ಯ ಎಲ್ಲಿ ಸಿಗುತ್ತಾನೆ?

— ಬರೆಯಬೇಕು. ಪಕ್ಷ ಇದ್ದವರೇ ಚೆನ್ನಾಗಿ ಬರೆದದ್ದಿದೆ. 1932ರಲ್ಲಿ ಮಾಲ್ಕಂ ಮಗರಿಜ್ ಅನ್ನುವ ಬ್ರಿಟಿಷ್ ತರುಣ ಮಾಸ್ಕೋಗೆ ಹೋದ. 29 ವರ್ಷ. ಅದಕ್ಕೂ ಮುಂಚೆ ಕೇರಳದ ಆಲುವಾದಲ್ಲಿ ಕಾಲೇಜು ಮೇಷ್ಟ್ರಾಗಿದ್ದವನು. ಸೋವಿಯತ್ ದೇಶವೇ ಮನುಕುಲದ ನಾಳೆ ಅಂತ ನಂಬಿ, ಅಲ್ಲೇ ಬದುಕು ಕಟ್ಟುವ ಆಸೆಯಿಂದ ಹೆಂಡತಿ ಜೊತೆ ಹೋದವನು. ಹೆಂಡತಿಗೆ ದೊಡ್ಡಮ್ಮ ಆಗಬೇಕಾದವರು ಬಿಯಾಟ್ರಿಸ್ ವೆಬ್. ಸೋವಿಯತ್ ವ್ಯವಸ್ಥೆಯನ್ನು ಹೊಸ ನಾಗರಿಕತೆ ಅಂತ ಕೊಂಡಾಡಿ ಮುಂದೆ ಪುಸ್ತಕ ಬರೆದವರು. ಇಷ್ಟೆಲ್ಲ ಇದ್ದೂ, ಮಗರಿಜ್ ಉಕ್ರೇನ್ ಮತ್ತು ಉತ್ತರ ಕಾಕಸಸ್ ಕಡೆ ರೈಲಿನಲ್ಲಿ ಹೋಗಿ ನೋಡಿದ. ಧಾನ್ಯವನ್ನೆಲ್ಲ ಸರ್ಕಾರ ಕಿತ್ತುಕೊಂಡ ಹಳ್ಳಿಗಳಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಸೆನ್ಸಾರ್ ಕಣ್ಣು ತಪ್ಪಿಸಿ ರಾಜತಾಂತ್ರಿಕರ ಟಪಾಲು ಚೀಲದಲ್ಲಿ ವರದಿ ಕಳಿಸಿದ. 1933ರ ಮಾರ್ಚ್ ಕೊನೆಗೆ ಮ್ಯಾಂಚೆಸ್ಟರ್ ಗಾರ್ಡಿಯನ್‌ನಲ್ಲಿ ಅವನ ಹೆಸರಿಲ್ಲದೆ ಅಚ್ಚಾಯಿತು. ಅವನ ಪ್ರೀತಿಗೆ ವಿರುದ್ಧವಾದದ್ದನ್ನು ಅವನೇ ಬರೆದ.

— ಗ್ಯಾರೆತ್ ಜೋನ್ಸ್ ಕೂಡ ಅದೇ ಹೊತ್ತಿನವನಲ್ಲವಾ? ಸಿನಿಮಾ ಬಂದಿತ್ತು.

— ಸಿನಿಮಾ ಬಿಡು, ಅದರಲ್ಲಿ ಕಟ್ಟಿದ್ದೂ ಇದೆ. ಜೋನ್ಸ್ ವೇಲ್ಸ್‌ನವನು, 27 ವರ್ಷ. ಅವನ ತಾಯಿ ಹಿಂದೆ ಉಕ್ರೇನಿನಲ್ಲಿ, ಈಗಿನ ಡೊನೆಟ್ಸ್ಕ್ ಊರಿನಲ್ಲಿ, ಒಂದು ವೇಲ್ಸ್ ಕುಟುಂಬದ ಮಕ್ಕಳಿಗೆ ಪಾಠ ಹೇಳುತ್ತಿದ್ದಾಕೆ. ಅಮ್ಮ ಹೇಳಿದ ಕಥೆ ಕೇಳಿ ಬೆಳೆದವನು ರಷ್ಯನ್ ಭಾಷೆ ಕಲಿತ. 1933ರ ಮಾರ್ಚ್‌ನಲ್ಲಿ ಮಾಸ್ಕೋದಿಂದ ಖಾರ್ಕಿವ್ ರೈಲು ಹತ್ತಿ, ಊರು ಬರುವ ಮುಂಚೆಯೇ ಇಳಿದುಬಿಟ್ಟ. ಬೆನ್ನಿಗೆ ಒಂದು ಚೀಲ. ಹಿಮದಲ್ಲಿ ಹಳಿ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದ, ರೈತರ ಮನೆಗಳಲ್ಲಿ ಮಲಗಿದ, ಅವರ ಭಾಷೆಯಲ್ಲೇ ಕೇಳಿದ. ಎಲ್ಲೆಡೆ ಒಂದೇ ಉತ್ತರ: ರೊಟ್ಟಿ ಇಲ್ಲ. ಮಾರ್ಚ್ 29ರಂದು ಬರ್ಲಿನ್‌ನಲ್ಲಿ ಪತ್ರಕರ್ತರಿಗೆ ಎಲ್ಲವನ್ನೂ ಹೇಳಿದ. ಎರಡೇ ದಿನಕ್ಕೆ ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿ, ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪಡೆದವನು, ಜನರಿಗೆ ಹಸಿವಿದೆ, ಆದರೆ ಹಸಿವಿನಿಂದ ಸಾಯುವ ಸ್ಥಿತಿ ಇಲ್ಲ ಅಂತ ಬರೆದು ಜೋನ್ಸ್‌ನನ್ನು ಅಲ್ಲಗಳೆದ.

— ಡ್ಯುರಾಂಟಿ ಕಮ್ಯುನಿಸ್ಟ್ ಆಗಿದ್ದನಾ?

— ಅಷ್ಟು ಸರಳವಾಗಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ. ಆಗ ಮಾಸ್ಕೋದಲ್ಲಿದ್ದ ಯೂಜೀನ್ ಲಯನ್ಸ್ ಅನ್ನುವ ಇನ್ನೊಬ್ಬ ವರದಿಗಾರ ಆಮೇಲೆ ಒಪ್ಪಿಕೊಂಡ. ಮಾಸ್ಕೋದಲ್ಲಿ ಬ್ರಿಟಿಷ್ ಎಂಜಿನಿಯರುಗಳ ಮೊಕದ್ದಮೆ ಶುರುವಾಗಲಿತ್ತು. ಜಗತ್ತೆಲ್ಲ ಕಾಯುತ್ತಿದ್ದ ಸುದ್ದಿ. ಅದನ್ನು ವರದಿ ಮಾಡಬೇಕಾದರೆ ಅಧಿಕಾರಿಗಳ ಕೃಪೆ ಬೇಕು. ಜೋನ್ಸ್ ಸುಳ್ಳುಗಾರ ಅನ್ನುವುದು ಆ ಕೃಪೆಗೆ ತೆತ್ತ ಬೆಲೆ. ವೀಸಾ, ಸಂದರ್ಶನ, ಒಳಗೆ ಬಿಡುವ ಬಾಗಿಲು. ಈಗ ರಾಯಭಾರ ಕಚೇರಿಗಳು ತರುಣ ಪತ್ರಕರ್ತರನ್ನು ವಾರದ ಪ್ರವಾಸಕ್ಕೆ ಕರೆದೊಯ್ಯುತ್ತವಲ್ಲ, ಹೋದವರು ಬಂದು ಬರೆದದ್ದನ್ನು ಓದು. ಯಾರ ಖರ್ಚಿನಲ್ಲಿ ಹೋಗಿದ್ದೆವು ಅಂತ ಬರೆದವರು ನನಗೆ ಸಿಕ್ಕಿದ್ದು ಕಡಿಮೆ.

— ನನ್ನನ್ನು ಯಾರೂ ಎಲ್ಲಿಗೂ ಕರೆದೊಯ್ದಿಲ್ಲ ಮೇಡಂ.

— ಗೊತ್ತು. ನಿನ್ನದು ಕೃಪೆಯಲ್ಲ, ಪ್ರೀತಿ. ಅದು ಎಲ್ಲಿಂದ ಬಂತು ಹೇಳು.

— ಅಪ್ಪನಿಂದ ಇರಬೇಕು. ಮನೆ ತುಂಬ ರಷ್ಯಾದಿಂದ ಬಂದ ಕನ್ನಡ ಪುಸ್ತಕಗಳಿದ್ದವು. ದಪ್ಪ ರಟ್ಟು, ಬಣ್ಣದ ಚಿತ್ರ, ಬೆಲೆ ಮೂರು ರೂಪಾಯಿ, ನಾಲ್ಕು ರೂಪಾಯಿ. ಅಪ್ಪ ಶಾಲೆಗೆ ಹೋಗುವಾಗ ನೋಟ್‌ಬುಕ್ಕಿಗೆ ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆ ಹಾಕುತ್ತಿದ್ದರಂತೆ. 1971ರ ಮಾತು ಬಂದರೆ ಈಗಲೂ ಅಪ್ಪನ ದನಿ ಬದಲಾಗುತ್ತದೆ. ಆ ಹೊತ್ತಿನಲ್ಲಿ ನಮ್ಮ ಜೊತೆ ನಿಂತವರನ್ನು ನಾನು ಹೇಗೆ ಬಿಟ್ಟುಕೊಡಲಿ?

— ಬಿಟ್ಟುಕೊಡಬೇಡ. ಆದರೆ ನಿಂತವರು ಯಾರು ಅಂತ ಸರಿಯಾಗಿ ನೋಡು. ವೀಟೊ ಹಾಕಿದ್ದು ಸೋವಿಯತ್ ಒಕ್ಕೂಟ. ಅದರಲ್ಲಿ ಉಕ್ರೇನೂ ಇತ್ತು. 1971ರ ಏಪ್ರಿಲ್ 2ರಂದು, ಪೂರ್ವ ಪಾಕಿಸ್ತಾನದಲ್ಲಿ ಸೇನೆಯ ದಮನ ಶುರುವಾಗಿ ಎಂಟು ದಿನವಾಗಿತ್ತು ಅಷ್ಟೆ, ರಕ್ತಪಾತ ನಿಲ್ಲಿಸಿ ಅಂತ ಯಾಹ್ಯಾ ಖಾನ್‌ಗೆ ಸೋವಿಯತ್ ಅಧ್ಯಕ್ಷರ ಪತ್ರ ಹೋಯಿತು. ಅಧ್ಯಕ್ಷರ ಹೆಸರು ನಿಕೊಲಾಯ್ ಪಾದ್ಗೋರ್ನಿ. ಹುಟ್ಟಿದ್ದು ಉಕ್ರೇನಿನ ಪೊಲ್ಟಾವಾ ಸೀಮೆಯಲ್ಲಿ. ಐವತ್ತರ ದಶಕದ ಮೊದಲಲ್ಲಿ ಖಾರ್ಕಿವ್ ಪ್ರಾಂತ್ಯದ ಪಕ್ಷ ಕಾರ್ಯದರ್ಶಿಯಾಗಿದ್ದವರು.

— ಖಾರ್ಕಿವ್?

— ಅದೇ ಖಾರ್ಕಿವ್. ನಿನ್ನ ಅಪ್ಪನ ಕೃತಜ್ಞತೆಗೆ ಇಂದು ಹೊಡೆದಾಡುತ್ತಿರುವ ಎರಡೂ ದೇಶಗಳು ವಾರಸುದಾರರು. ನೀನು ಪೂರ್ತಿ ಆಸ್ತಿಯನ್ನು ಒಬ್ಬರ ಹೆಸರಿಗೆ ಬರೆದುಬಿಟ್ಟಿದ್ದೀಯ.

— ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ.

— 1971ರದ್ದೇ ಇನ್ನೊಂದು ಸಂಗತಿ ಇದೆ. ಆಂಟನಿ ಮಸ್ಕರೇನಸ್. ನಮ್ಮ ಬೆಳಗಾವಿಯಲ್ಲಿ 1928ರಲ್ಲಿ ಹುಟ್ಟಿದ, ಗೋವಾ ಮೂಲದ ಮನೆತನದವರು. ಬೆಳೆದದ್ದು ಕರಾಚಿಯಲ್ಲಿ, ಅಲ್ಲಿನ ಮಾರ್ನಿಂಗ್ ನ್ಯೂಸ್ ಪತ್ರಿಕೆಯಲ್ಲಿ ಸಹಾಯಕ ಸಂಪಾದಕರು. ಪಾಕಿಸ್ತಾನದ ಪ್ರಜೆ. ಏಪ್ರಿಲ್‌ನಲ್ಲಿ ಸೇನೆ ಎಂಟು ಪತ್ರಕರ್ತರನ್ನು ಆರಿಸಿ ಪೂರ್ವ ಪಾಕಿಸ್ತಾನಕ್ಕೆ ಕರೆದೊಯ್ದಿತು, ಎಲ್ಲ ಸರಿಯಾಗಿದೆ ಅಂತ ಬರೆಯಲಿ ಅಂತ. ಏಳು ಜನ ಹಾಗೆಯೇ ಬರೆದರು. ಇವರಿಗೆ ಬರೆಯಲಾಗಲಿಲ್ಲ. ಅಧಿಕಾರಿಗಳು ಊಟದ ಹೊತ್ತಿಗೆ ಆ ದಿನ ಎಷ್ಟು ಜನರನ್ನು ಕೊಂದೆವು ಅಂತ ಮಾತಾಡಿಕೊಳ್ಳುವುದನ್ನು ಕೇಳಿ ಬಂದಿದ್ದರು. ಸೋದರಿಗೆ ಹುಷಾರಿಲ್ಲ ಅಂತ ನೆಪ ಹೇಳಿ ಲಂಡನ್‌ಗೆ ಹೋಗಿ ಸಂಡೇ ಟೈಮ್ಸ್ ಸಂಪಾದಕ ಹೆರಾಲ್ಡ್ ಇವಾನ್ಸ್‌ರನ್ನು ಕಂಡರು. ಆದರೆ ಹೆಂಡತಿ, ಐವರು ಮಕ್ಕಳು ಕರಾಚಿಯಲ್ಲಿ. ವಾಪಸು ಹೋಗಿ, ಮೊದಲು ಅವರನ್ನು ಹೊರಗೆ ಕಳಿಸಿ, ತಾವು ಅಫ್ಘಾನಿಸ್ತಾನದ ಗಡಿ ದಾಟಿ ಬಂದರು. ಜೂನ್ 13ರಂದು ಒಂದೇ ಪದದ ಶೀರ್ಷಿಕೆಯಲ್ಲಿ ಲೇಖನ ಬಂತು: ನರಮೇಧ.

— ಇದನ್ನು ಕೇಳಿದ್ದೇನೆ. ತನ್ನ ದೇಶದ ವಿರುದ್ಧವೇ ಬರೆದರು.

— ಎಲ್ಲರೂ ಅಷ್ಟನ್ನೇ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. ಸೇನೆ ಬರುವ ಮುಂಚೆ ಬಂಗಾಳಿ ಗುಂಪುಗಳು ಬಂಗಾಳಿಯೇತರರನ್ನು, ಬಿಹಾರಿಗಳನ್ನು ಕೊಂದದ್ದನ್ನೂ ಅವರು ಬರೆದರು. ಅವರ ಇಡೀ ಲೇಖನ ಹೋಗುತ್ತಿದ್ದದ್ದು ಸೇನೆಯ ವಿರುದ್ಧ. ತನ್ನ ವಾದಕ್ಕೆ ತೊಡಕಾಗುವ ಆ ಸಾವುಗಳನ್ನು ಬಿಟ್ಟಿದ್ದರೆ ಲಂಡನ್‌ನಲ್ಲಿ ಯಾರು ಕೇಳುತ್ತಿದ್ದರು? ಬಿಡಲಿಲ್ಲ. "ಎನ್ನಲಾಗಿದೆ" ಅಂತ ಮುಸುಕೂ ಹಾಕಲಿಲ್ಲ. ಅದನ್ನು ಹೇಳಿ, ಆಮೇಲೆ ಸೇನೆ ಮಾಡುತ್ತಿರುವುದು ಬೇರೆಯೇ ಬಗೆಯದು, ಲೆಕ್ಕ ಹಾಕಿ ಮಾಡುತ್ತಿರುವ ಕೊಲೆ ಅಂತ ತೋರಿಸಿದರು. ಅವರಿಗೆ ನಿಲುವು ಇತ್ತು. ನಿಲುವಿಗಾಗಿ ಮನೆ, ದೇಶ ಬಿಟ್ಟರು. ನಾನು ನಿನ್ನ ಹತ್ತಿರ ಕೇಳುತ್ತಿರುವುದು ಇಷ್ಟು, ನಿಲುವು ಬಿಡು ಅಂತಲ್ಲ. ನಿನ್ನ ಪಕ್ಷಕ್ಕೆ ನೋಯುವ ಸಂಗತಿ ನಿನ್ನ ಲೇಖನದ ಎಷ್ಟನೇ ಪ್ಯಾರಾದಲ್ಲಿದೆ, ಯಾವ ಕ್ರಿಯಾಪದದಲ್ಲಿದೆ?

— ಏಳನೇ ಪ್ಯಾರಾ.

— ಒಂಬತ್ತರಲ್ಲಿ ಏಳನೆಯದು.

— ಆದರೆ ಮೇಡಂ, ನನ್ನೊಬ್ಬನಿಗೇ ಯಾಕೆ ಈ ಪಾಠ? ನನ್ನ ಜೊತೆ ಕಾಲೇಜಿನಲ್ಲಿ ಓದಿದವನು ಇನ್ನೊಂದು ಪತ್ರಿಕೆಯಲ್ಲಿ ಬರೆಯುತ್ತಾನೆ. ಅವನಿಗೆ ಉಕ್ರೇನ್ ಅಂದರೆ ದೇವಲೋಕ. ನಮ್ಮ ವಿದ್ಯಾರ್ಥಿಗಳನ್ನು, ಆಫ್ರಿಕಾದ ವಿದ್ಯಾರ್ಥಿಗಳನ್ನು ರೈಲು ಹತ್ತಲು ಬಿಡದೆ ತಳ್ಳಿದರಲ್ಲ, ಗಡಿಯಲ್ಲಿ ಹಿಂದಕ್ಕೆ ಅಟ್ಟಿದರಲ್ಲ, ಆಫ್ರಿಕನ್ ಒಕ್ಕೂಟವೇ ಪ್ರತಿಭಟಿಸಿತಲ್ಲ, ಅವನ ಒಂದು ಲೇಖನದಲ್ಲೂ ಅದಿಲ್ಲ.

— ಅವನು ನನ್ನ ಹತ್ತಿರ ಬಂದರೆ ಅವನಿಗೂ ಕೆಂಪು ಗೆರೆ ಎಳೆಯುತ್ತೇನೆ. ನೀನು ಈಗ ಬಾಯಿ ತಪ್ಪಿ ಒಂದು ನಿಜ ಹೇಳಿದೆ. ಈ ಲೇಖನ ಬರೆದದ್ದು ಉಕ್ರೇನಿನ ಬಗ್ಗೆ ಅಲ್ಲ. ಅವನಿಗೆ ಉತ್ತರವಾಗಿ ಬರೆದದ್ದು.

— ...

— ಬೇಜಾರಾಗಬೇಡ. ಇದು ಇಡೀ ನಿಮ್ಮ ವಾರಗೆಯ ಕಾಯಿಲೆ, ನಮ್ಮ ಕಾಲದಲ್ಲೂ ಇತ್ತು, ಈಗ ಜೋರಾಗಿದೆ. ನಮ್ಮೂರಿನ ಜಗಳಕ್ಕೆ ದೂರದ ದೇಶವನ್ನು ಎರವಲು ತರುತ್ತೇವೆ. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟರು. ಆಮೇಲಿನ ದಿನಗಳಲ್ಲಿ ಅಲ್ಲಿ ಹಿಂದೂಗಳ ಮನೆ, ಅಂಗಡಿ, ದೇವಸ್ಥಾನಗಳ ಮೇಲೆ ದಾಳಿ ನಡೆದದ್ದು ನಿಜ. ಇಲ್ಲಿ ಏನಾಯಿತು? ಒಂದು ಗುಂಪಿನ ತರುಣರು ಹಿಂದೂ ಕ್ರಿಕೆಟಿಗ ಲಿಟನ್ ದಾಸ್ ಮನೆ ಸುಟ್ಟರು ಅಂತ ವಿಡಿಯೊ ಹಂಚಿದರು. ಸುಟ್ಟದ್ದು ಮಷ್ರಫೆ ಮೊರ್ತಜಾ ಮನೆ. ಅವರೂ ಕ್ರಿಕೆಟ್ ನಾಯಕರಾಗಿದ್ದವರೇ, ಮುಸ್ಲಿಮರು, ಆಗ ಹಸೀನಾ ಪಕ್ಷದ ಸಂಸದರಾಗಿದ್ದರು. ಇನ್ನೊಂದು ಗುಂಪಿನವರಿಗೆ ಅದು ಹಬ್ಬವಾಯಿತು. ನೋಡಿ, ಎಲ್ಲವೂ ಸುಳ್ಳು ಪ್ರಚಾರ ಅಂದರು. ನಿಜವಾಗಿ ಮನೆ ಕಳೆದುಕೊಂಡು ರಾತ್ರಿಯೆಲ್ಲ ಎಚ್ಚರ ಕೂತ ಹಿಂದೂ ಕುಟುಂಬ ಈ ಎರಡೂ ಗುಂಪಿನ ಬರಹದಲ್ಲಿ ಇರಲೇ ಇಲ್ಲ. ಇಬ್ಬರೂ ಬಾಂಗ್ಲಾದೇಶದ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರೆದರು. ನನಗೆ ಸಿಟ್ಟು ಬರುವುದು ಇಲ್ಲಿ. ಮಾತಿನಲ್ಲಿ ಗೆಲ್ಲಲು ಸತ್ತವರನ್ನು ಬಳಸಿಕೊಳ್ಳುತ್ತೇವೆ, ಮತ್ತೆ ಅವರ ಹೆಸರೂ ನಮಗೆ ಬೇಡ.

— ನಾನು ಇಲ್ಲಿಂದ ಇನ್ನೇನು ಮಾಡಲಿ? ಜೋನ್ಸ್ ಹಾಗೆ ಹೋಗಿ ನಡೆಯಲು ನನಗೆ ಯಾರು ದುಡ್ಡು ಕೊಡುತ್ತಾರೆ? ಕನ್ನಡ ಪತ್ರಿಕೆಗಳು ವಿದೇಶಕ್ಕೆ ವರದಿಗಾರರನ್ನು ಕಳಿಸುವ ಸ್ಥಿತಿ ಇದೆಯಾ? ಕುರ್ಚಿಯಲ್ಲಿ ಕೂತು ಓದಿ ಬರೆಯುವುದೊಂದೇ ದಾರಿ.

— ಈ ಮಾತನ್ನು ನಾನೂ ಬಹಳ ವರ್ಷ ನಂಬಿದ್ದೆ. ಒಂದು ಕೇಳುತ್ತೇನೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತ ವೈದ್ಯ ವಿದ್ಯಾರ್ಥಿ ಯಾವ ಊರಿನವನು?

— ಹಾವೇರಿ ಜಿಲ್ಲೆ. ರಾಣೆಬೆನ್ನೂರು ಹತ್ತಿರ.

— ನಿನ್ನ ಹನ್ನೊಂದು ಅಂಕಣಗಳಲ್ಲಿ ಅವನಿದ್ದಾನಾ?

— ಇಲ್ಲ.

— ಖಾರ್ಕಿವ್ ಹೆಚ್ಚಾಗಿ ರಷ್ಯನ್ ಮಾತಾಡುವ ಊರು. ರಷ್ಯನ್ ಮಾತಾಡುವವರನ್ನು ಕಾಪಾಡಲು ಯುದ್ಧ ಅಂತ ನೀನು ನಾಲ್ಕನೇ ಪ್ಯಾರಾದಲ್ಲಿ ಬರೆದಿದ್ದೀಯ. ಆ ಊರಿನ ಮೇಲೇ ಶೆಲ್ ಬಿತ್ತು, ಅಲ್ಲಿ ನಮ್ಮ ಹುಡುಗ ಸತ್ತ. ನಿನ್ನ ವಾದಕ್ಕೆ ಅವನು ಹೊಂದಲಿಲ್ಲ, ಬಿಟ್ಟೆ. ಮರುದಿನ, ಮಾರ್ಚ್ 2ರಂದು, ನಮ್ಮ ರಾಯಭಾರ ಕಚೇರಿ ಖಾರ್ಕಿವ್‌ನಲ್ಲಿದ್ದ ಭಾರತೀಯರಿಗೆಲ್ಲ ಸಂಜೆ ಆರರೊಳಗೆ ಊರು ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೋಗಿ ಅಂತ ಹೇಳಿತು. ಹೋಗಿ ಸೇರಲು ಹೇಳಿದ ಊರುಗಳಲ್ಲಿ ಒಂದಾದ ಪಿಸೋಚಿನ್ 11 ಕಿಲೋಮೀಟರ್. ಮಕ್ಕಳು ಹಿಮದಲ್ಲಿ, ಶೆಲ್ ಸದ್ದಿನ ನಡುವೆ ನಡೆದರು. ಜೋನ್ಸ್ ಆ ಊರಿನ ಕಡೆಗೆ ನಡೆದಿದ್ದ, 89 ವರ್ಷದ ಮೇಲೆ ನಮ್ಮ ಮಕ್ಕಳು ಆ ಊರಿನಿಂದ ಹೊರಗೆ ನಡೆದರು. ಉಕ್ರೇನಿನಿಂದ ವಾಪಸು ಬಂದ ಭಾರತೀಯರು ಸುಮಾರು 22,500 ಜನ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಕನ್ನಡದ ಮಕ್ಕಳು ಅದರಲ್ಲಿ ನೂರಾರು ಇದ್ದರು. ಮೆಟ್ರೊ ಸುರಂಗದಲ್ಲಿ ಮಲಗಿದವರು, ರೈಲಿನಿಂದ ಕೆಳಗೆ ತಳ್ಳಿಸಿಕೊಂಡವರು, ತಮ್ಮ ಹಾಸ್ಟೆಲ್ ಅಜ್ಜಿ ಕೊಟ್ಟ ರೊಟ್ಟಿ ತಿಂದವರು. ಆ ಯುದ್ಧದ ಸಾಕ್ಷಿಗಳು ನಿನಗೆ ಒಂದು ಬಸ್ಸಿನ ದೂರದಲ್ಲಿದ್ದಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಲಂಡನ್ನಿನವನಿಗೆ ಈ ಭಾಗ್ಯ ಇಲ್ಲ. ಇಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿದ್ದೀಯಾ?

— ಇಲ್ಲ ಮೇಡಂ.

— ಯಾಕೆ?

— ...ಅವರು ಏನು ಹೇಳುತ್ತಾರೋ ಅಂತ.

— ಹ್ಞೂಂ.

— ನನ್ನ ಅತ್ತೆಯ ಊರು ದಾವಣಗೆರೆ. ಅವರ ಬೀದಿಯಲ್ಲೇ ಒಬ್ಬಳಿದ್ದಾಳೆ. ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷ ಓದುತ್ತಿದ್ದಳು. ವಾಪಸು ಬಂದ ವಾರ ಎಲ್ಲ ಚಾನೆಲ್‌ನವರೂ ಅವಳ ಮನೆಗೆ ಹೋಗಿದ್ದರು, ಆಮೇಲೆ ಯಾರೂ ಹೋಗಲಿಲ್ಲ. ಅತ್ತೆ ಎರಡು ಸಲ ನಂಬರ್ ಕಳಿಸಿದ್ದರು.

— ಲೇಖನ ಯಾವಾಗ ಕೊಡಬೇಕು?

— ಸಂಜೆ ಐದಕ್ಕೆ. 24ರ ಸಂಚಿಕೆಗೆ. ಈಗ ಹನ್ನೊಂದೂವರೆ. ಏಳನೇ ಪ್ಯಾರಾ ಮೇಲಕ್ಕೆ ತಂದರೆ ಬುಕಾರೆಸ್ಟ್ ಕೆಳಗೆ ಹೋಗುತ್ತದೆ. ಅದನ್ನು ತೆಗೆಯಲಾ?

— ಯಾಕೆ ತೆಗೆಯಬೇಕು? ಅದು ನಿಜವಲ್ಲವಾ? ಇರಲಿ. ಒಡೆಸ್ಸಾವೂ ಇರಲಿ. ನಿನ್ನ ಗೆಳೆಯನಿಗೆ ಬೈದ ಮೊದಲ ಪ್ಯಾರಾ ತೆಗಿ, 90 ಪದ ಉಳಿಯುತ್ತದೆ.

— ಅದು ನನಗೆ ತುಂಬ ಇಷ್ಟವಾದ ಪ್ಯಾರಾ.

— ಗೊತ್ತು. ಅದನ್ನೇ ಚೆನ್ನಾಗಿ ಬರೆದಿದ್ದೀಯ.

— ಒಂದು ನಿಮಿಷ ಮೇಡಂ... ರಿಂಗ್ ಆಗುತ್ತಿದೆ. ಮೊದಲು ಏನು ಕೇಳಲಿ?

— ಖಾರ್ಕಿವ್ ಬಿಟ್ಟ ದಿನ ಬೆಳಗ್ಗೆ ಏನು ತಿಂದಿದ್ದಳು ಅಂತ ಕೇಳು. ಅಲ್ಲಿಂದ ಅವಳೇ ಹೇಳುತ್ತಾಳೆ. ತಗೋ, ಪೆನ್ನು.